ಅಂಚಿನ ಜೋಳ

ಮೋರಟಗಿಗೆ ಬಂದ ಹೊಸದರಲ್ಲಿ ನಾನು ಒಂದು ಖಾಲಿ ಗುಂಡಿಗೆ ದಿನಾ ಬೆಳಿಗ್ಗೆ ಕೈಮುಗಿಯುತ್ತಿದ್ದೆ. ಸ್ನಾನ ಮಾಡಿ, ಚಪ್ಪಲಿಯನ್ನು ದೂರ ಬಿಟ್ಟು, ಕಣ್ಣು ಮುಚ್ಚಿ. ಒಂದೆರಡು ಸಲ ಕಣಗಿಲ ಹೂವನ್ನೂ ಇಟ್ಟದ್ದುಂಟು.

ಅದು ಎಪ್ಪತ್ತಾರನೆಯ ಇಸವಿ. ಒಕ್ಕಲುತನಕ್ಕೆ ಏನು ಖರ್ಚು, ಏನು ಹುಟ್ಟುವಳಿ ಎಂದು ರೈತರನ್ನು ಕೇಳಿ ಬರೆದುಕೊಳ್ಳುವ ಸರ್ವೇ ಕೆಲಸಕ್ಕೆ ನನ್ನನ್ನು ಸಿಂದಗಿ ತಾಲೂಕಿಗೆ ಹಾಕಿದ್ದರು. ಕೃಷಿ ಅರ್ಥಶಾಸ್ತ್ರದ ಮೂಲತತ್ವಗಳ ಮೇಲೆ ಒಂದು ದಪ್ಪ ಪುಸ್ತಕ, ಒಂದು ಸ್ಟೋವು, ಒಂದು ಹಾಸಿಗೆ ಸುರುಳಿ ಹಿಡಿದು ಬಂದಿಳಿದೆ. ನಾನು ಹೊನ್ನಾವರದ ಕಡೆಯವನು. ಜೋಳವನ್ನು ಅದುವರೆಗೆ ರೊಟ್ಟಿಯ ರೂಪದಲ್ಲಿ ಮಾತ್ರ ನೋಡಿದ್ದೆ, ಅದೂ ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ. ನಮ್ಮಲ್ಲಿ ಭತ್ತವನ್ನು ಮನೆಯೊಳಗೆ ಕಣಜದಲ್ಲಿಡುತ್ತಾರೆ; ನೆಲ ಅಗೆದರೆ ಸಿಗುವುದು ನೀರು.

ನನಗೆ ಕೋಣೆ ಕೊಟ್ಟವರು ರೇವಣಪ್ಪ ಎಂಬ ರೈತರು. ಎರಡು ಜೊತೆ ಎತ್ತು, ಬೇಕಾದಷ್ಟು ಎರೆ ಹೊಲ, ಬೇಕಾದ್ದಕ್ಕಿಂತ ಹೆಚ್ಚು ಅವಸರ ಉಳ್ಳ ಮನುಷ್ಯ. ಅವರ ಅಂಗಳದ ನಡುವೆ ಗೇಣೆತ್ತರಕ್ಕೆ ಮಣ್ಣು ಮೆತ್ತಿದ ದುಂಡು ಕಟ್ಟೆಯಿತ್ತು. ಮೇಲೊಂದು ಹಾಸುಗಲ್ಲು, ಕಲ್ಲಿಗೆ ವಿಭೂತಿ. ಮನೆಯವರು ಅದನ್ನು ತುಳಿಯದೆ ಸುತ್ತಿಕೊಂಡು ಓಡಾಡುತ್ತಿದ್ದರು. ಇದು ಮನೆಯ ಹಿರಿಯರೊಬ್ಬರನ್ನು ಹೂತ ಗದ್ದುಗೆ ಎಂದು ನಾನು ತೀರ್ಮಾನಿಸಿದೆ. ಅರ್ಥಶಾಸ್ತ್ರ ಓದಿದವನಿಗೆ ತೀರ್ಮಾನಕ್ಕೆ ಬರಲು ಹೆಚ್ಚು ಸಾಕ್ಷ್ಯ ಬೇಕಾಗುವುದಿಲ್ಲ.

ಸುಗ್ಗಿ ಮುಗಿಯುತ್ತಿದ್ದ ಒಂದು ಮಟಮಟ ಮಧ್ಯಾಹ್ನ ಹೊಲಗಳನ್ನು ಸುತ್ತಿ ಮನೆಗೆ ಬಂದರೆ ಗದ್ದುಗೆಯ ಕಲ್ಲು ಪಕ್ಕಕ್ಕೆ ಸರಿದಿತ್ತು. ಅಂಗಳದಲ್ಲಿ ಯಾರೂ ಇಲ್ಲ. ನೋಡುತ್ತಿದ್ದಂತೆ ಆ ಕಪ್ಪು ಬಾಯಿಯಿಂದ ಒಂದು ಕೈ ಮೇಲೆ ಬಂತು. ಬೂದಿಬಣ್ಣದ ಕೈ. ಹಿಂದೆಯೇ ಬೂದಿಬಣ್ಣದ ತಲೆ, ಅದರಲ್ಲಿ ಎರಡು ಬಿಳಿ ಕಣ್ಣು. ನಾನು ಹಿಂದಕ್ಕೆ ಓಡಿದೆ ಎಂದು ಊರವರು ಹೇಳುತ್ತಾರೆ. ನನಗೆ ನೆನಪಿರುವುದು ಎತ್ತು ಮೇಯುವ ಗ್ವಾದಲಿಯೊಳಗೆ ಹೊಟ್ಟಿನ ಮೇಲೆ ಬಿದ್ದಿದ್ದೆನೆಂಬುದು ಮಾತ್ರ.

“ತಮ್ಮಾ, ಓಡಬ್ಯಾಡ,” ಅಂದಿತು ಆ ತಲೆ. “ಒಂದ್ ಚರಿಗಿ ನೀರ ಕೊಡು.”

ಹೀಗೆ ನನಗೆ ಶೇವಂತೆವ್ವನ ಪರಿಚಯವಾಯಿತು.

ರೇವಣಪ್ಪ ಅವತ್ತು ನಕ್ಕದ್ದು ಮೂರು ಓಣಿಗೆ ಕೇಳಿತು. ಅದು ಗದ್ದುಗೆಯಲ್ಲ, ಹಗೇವು. ಸುಗ್ಗಿಯ ಜೋಳವನ್ನು ನೆಲದೊಳಗೆ ತುಂಬಿಡುವ ಗುಂಡಿ. ಹೊಸ ಜೋಳ ತುಂಬುವ ಮೊದಲು ಖಾಲಿ ಗುಂಡಿಯನ್ನು ಗುಡಿಸಲು ಅವಳು ಇಳಿದಿದ್ದಳು. ಸಾಹೇಬರು ಕೈಮುಗಿಯುವುದನ್ನು ಮನೆಯವರೆಲ್ಲ ನೋಡಿದ್ದರಂತೆ. ಕರಾವಳಿಯವರಿಗೆ ಜೋಳದ ಮೇಲೆ ಅಷ್ಟು ಭಕ್ತಿ ಇರಬಹುದೆಂದು ಸುಮ್ಮನಿದ್ದರಂತೆ. ಎಲ್ಲರೂ ನಗುವಾಗ ಶೇವಂತೆವ್ವ ಮಾತ್ರ ನಗಲಿಲ್ಲ. ಚರಿಗೆಯ ನೀರು ಕುಡಿದು, ಉಳಿದದ್ದನ್ನು ಹಗೇವಿನ ಬಾಯಿಯ ಸುತ್ತ ಚಿಮುಕಿಸಿ, “ಕೈಮುಗೀಲಿ ಬಿಡ್ರಿ, ತಪ್ಪೇನೈತಿ,” ಅಂದಳು.

ಯಾಕೆ ಹಾಗೆಂದಳು ಎನ್ನುವುದನ್ನು ಸಂಜೆ ಹಾಲು ಹಾಕಲು ಬಂದ ಪೀರಬಿ ಹೇಳಿದಳು. ಶೇವಂತೆವ್ವನ ಗಂಡ ಸೋಮನಿಂಗ ಸತ್ತದ್ದು ಅದೇ ಹಗೇವಿನಲ್ಲಿ.

ಹಗೇವು ಎಂದರೆ ಕೊರಳು ಸಣ್ಣ, ಹೊಟ್ಟೆ ದೊಡ್ಡ ಇರುವ ಗಡಿಗೆಯನ್ನು ನೆಲದಲ್ಲಿ ಹೂತಂತೆ. ಬಾಯಿಯಲ್ಲಿ ಒಬ್ಬ ಮನುಷ್ಯ ಭುಜ ಕುಗ್ಗಿಸಿ ಇಳಿಯಬಹುದು. ಒಳಗೆ ಒಂದು ಸಂಸಾರ ಕುಳಿತು ಉಣ್ಣಬಹುದು. ತೇವ ತಾಗದಂತೆ ಗೋಡೆಗೆ ಜೋಳದ ಕಣಿಕೆಯ, ಅಂದರೆ ಒಣದಂಟಿನ, ಹುರಿ ಸುತ್ತಿ, ಜೋಳ ತುಂಬಿ, ಮೇಲೆ ಹೊಟ್ಟು, ಕಲ್ಲು, ಮಣ್ಣು ಹಾಕಿ ಮುಚ್ಚುತ್ತಾರೆ. ಮುಚ್ಚಿದ ಮೇಲೆ ಕಾಳು ಒಳಗೇ ಉಸಿರಾಡಿ ಒಳಗಿನ ಗಾಳಿಯನ್ನೆಲ್ಲ ಕುಡಿದುಬಿಡುತ್ತದೆ. ಹುಳ ಬದುಕುವುದಿಲ್ಲ. ತೆರೆದ ಕೂಡಲೇ ಇಳಿದರೆ ಮನುಷ್ಯನೂ ಬದುಕುವುದಿಲ್ಲ. ಅದಕ್ಕೆ ಮೊದಲು ಕಂದೀಲು ಇಳಿಸುತ್ತಾರೆ. ಅದು ಆರಿದರೆ ಬೇವಿನ ಸೊಪ್ಪಿನ ಹೊರೆಯನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಎತ್ತಿ, ಇಳಿಸಿ ಎತ್ತಿ, ಗಾಳಿ ಆಡಿಸುತ್ತಾರೆ. ಕಂದೀಲು ನಿಂತ ಮೇಲೆ ಮನುಷ್ಯ ಇಳಿಯುವುದು.

ಇಳಿದವನಿಗೆ ಕೂಲಿ ಅಂತ ಬೇರೆ ಇಲ್ಲ. ಎಷ್ಟೇ ಹುರಿ ಸುತ್ತಿದರೂ ಗೋಡೆಗೆ ತಾಗಿದ ಜೋಳ ನೆಲದ ತೇವಕ್ಕೆ ಕಪ್ಪಾಗಿ ಹೆಂಟೆಗಟ್ಟುತ್ತದೆ. ಪೇಟೆಯಲ್ಲಿ ಅದನ್ನು ಯಾರೂ ಮೂಸುವುದಿಲ್ಲ. ಆ ಅಂಚಿನ ಜೋಳ ಇಳಿದವನದು. ಸರಿಯಾಗಿ ಹೇಳಬೇಕೆಂದರೆ, ಇಳಿದು ಮೇಲೆ ಬಂದವನದು.

ಮೂರು ವರ್ಷದ ಹಿಂದೆ, ಬರ ಹೋದ ಮರುವರ್ಷ, ರೇವಣಪ್ಪನವರು ಹಗೇವು ತೆಗೆಸಿದ ದಿನ ಕಂದೀಲು ನಿಲ್ಲುವತನಕ ಕಾಯಲಿಲ್ಲ. ಸಿಂದಗಿಯ ಲಾರಿ ಬಾಗಿಲಲ್ಲಿ ನಿಂತಿತ್ತು. ಸೋಮನಿಂಗ ಇಳಿದ. ಮೇಲೆ ಬರಲಿಲ್ಲ. ಗಾಳಿ ಆಡಿಸಿದ ಮೇಲೆ ಇಳಿದು ಹೆಣ ಎತ್ತಿದವನು ಅವನ ಜೋಡಿದಾರ ಅಮಸಿದ್ದ. ಇಳಿದು ಮೇಲೆ ಬಂದವನು ಅಮಸಿದ್ದನೇ ಆದ್ದರಿಂದ ಆ ವರ್ಷದ ಅಂಚಿನ ಜೋಳ ಅವನ ಮನೆಗೆ ಹೋಯಿತು. ರಿವಾಜು ಅಂದರೆ ರಿವಾಜು. ರೇವಣಪ್ಪ ಇದನ್ನು ನನಗೆ ಹೇಳುವಾಗ ಅವರ ಮುಖದಲ್ಲಿ ಕೆಟ್ಟತನ ಇರಲಿಲ್ಲ. ಮಳೆ ಯಾವ ದಿಕ್ಕಿನಿಂದ ಬರುತ್ತದೆ ಎಂದು ಹೇಳುವವರ ಮುಖ ಇತ್ತು. ಹಗೇವನ್ನು ಮುಚ್ಚಿಬಿಡಲಿಲ್ಲವೇ ಎಂದು ಕೇಳಿದೆ. ಇಂಥ ಗಟ್ಟಿ ಗರಸು ನೆಲ ಬೇರೆ ಎಲ್ಲಿ ಸಿಗುತ್ತದೆ ಎಂದರು. ಒಮ್ಮೆ ಹೂಡಿದ ಬಂಡವಾಳವನ್ನು ಬೇರೆ ಕೆಲಸಕ್ಕೆ ತಿರುಗಿಸುವುದು ಕಷ್ಟ ಎಂದು ನನ್ನ ಪುಸ್ತಕವೂ ಹೇಳುತ್ತದೆ. ಆದರೆ ಪುಸ್ತಕದವನ ಕೋಣೆ ಅಂಥ ಬಂಡವಾಳದ ಎದುರಿಗಿರಲಿಲ್ಲ.

ಮರುವರ್ಷ ಅಮಸಿದ್ದ ಇಳಿಯಲು ಒಪ್ಪಲಿಲ್ಲ. ಹೆಣ ಎತ್ತುವಾಗ ತನ್ನ ಪಕ್ಕದಲ್ಲಿ ಯಾರೋ ಉಸಿರಾಡಿದರಂತೆ, ಹೆಣದ ಉಸಿರಂತೂ ಅಲ್ಲವಂತೆ. ಬೇರೆ ಯಾರೂ ಮುಂದೆ ಬರಲಿಲ್ಲ. ಆಗ ಶೇವಂತೆವ್ವ ಕಚ್ಚೆ ಬಿಗಿದು ಬಂದಳು. ಕಾಳಿನ ಗುಂಡಿಗೆ ಹೆಂಗಸು ಇಳಿಯುವುದೇ ಎಂದು ಕೆಲವರು ಗೊಣಗಿದರು. ಅವಳು ಗೊಣಗಿದವರ ಕೈಗೇ ಹಗ್ಗ ಕೊಟ್ಟಳು. ಅಂದಿನಿಂದ ಆ ಹಗೇವು ಅವಳದು. ಅದರ ಅಂಚಿನ ಜೋಳವೇ ಅವಳ ವರ್ಷದ ರೊಟ್ಟಿ. ಕಳೆ ಕೀಳುವ ಕೂಲಿ ಎಣ್ಣೆ ಉಪ್ಪಿಗೆ ಆಗುತ್ತಿತ್ತು, ಅಷ್ಟೆ.

ಅವಳ ತವರು ಇಂಡಿ ಕಡೆಯ ಹೊರ್ತಿ. ಒಣಕಲು ದೇಹ, ಅಗಲ ಹೆಜ್ಜೆ, ಬಾಯಲ್ಲಿ ಸದಾ ತಂಬಾಕಿನ ಎಲೆ. ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದೆ ಉತ್ತರ ಕೊಡುವಳು, ಆದರೆ ಉತ್ತರ ಸರಿಯಾಗಿರುತ್ತಿತ್ತು. ಮಕ್ಕಳಿರಲಿಲ್ಲ. ಒಂದು ಮೇಕೆ ಇತ್ತು; ಅದಕ್ಕೆ ಗಂಡನ ಮೇಲಿನ ಬೈಗುಳಗಳನ್ನೆಲ್ಲ ಬೈಯುತ್ತಿದ್ದಳು. ಸೋಮನಿಂಗ ಬದುಕಿದ್ದಾಗ ಅವಳ ಒಂದು ಮಾತನ್ನೂ ಕೇಳಿದವನಲ್ಲವಂತೆ.

ಆ ಸುಗ್ಗಿಯಲ್ಲಿ ಹಗೇವಿಗೆ ಹುರಿ ಸುತ್ತುವುದನ್ನು ನಾನು ಮೇಲಿನಿಂದ ಬಗ್ಗಿ ನೋಡಿದೆ. ಕೆಳಗೆ ಕಂದೀಲಿನ ಬೆಳಕಿನಲ್ಲಿ ಅವಳು ದುಂಡಗೆ ಸುತ್ತು ಬರುತ್ತ, ತೋಳು ದಪ್ಪದ ಹುರಿಯನ್ನು ಗೋಡೆಗೆ ಒತ್ತುತ್ತಿದ್ದಳು. ಪಡುವಣ ಮಗ್ಗುಲಿಗೆ ಬಂದಾಗ ಮಾತ್ರ ಹುರಿ ಬೆರಳು ದಪ್ಪಕ್ಕೆ ಇಳಿಯಿತು. ಕಣಿಕೆ ಉಳಿತಾಯ ಮಾಡುತ್ತಿದ್ದಾಳೆ ಎಂದುಕೊಂಡು, ಸ್ಥಳೀಯರ ಮಿತವ್ಯಯದ ಬಗ್ಗೆ ಮೇಲಿನವರಿಗೆ ಕಳಿಸುವ ವರದಿಯಲ್ಲಿ ಒಂದು ಒಳ್ಳೆಯ ವಾಕ್ಯ ಬರೆದೆ. ಒಂದು ವಿಷಯ ಬರೆಯಲಿಲ್ಲ. ಪಡುವಣ ಗೋಡೆಯ ಹತ್ತಿರ ಅವಳು ನಿಂತು ಯಾರಿಗೋ ದಾರಿ ಬಿಡುವಂತೆ ಸ್ವಲ್ಪ ಸರಿದಳು. ಆಮೇಲೆ ಕೈ ಚಾಚಿ ಹುರಿಯ ಇನ್ನೊಂದು ತುದಿಯನ್ನು ಇಸಿದುಕೊಂಡಳು. ನೆಲದ ಮೇಲೆ ಬಿದ್ದಿದ್ದ ತುದಿಯನ್ನು ಬಗ್ಗಿ ಎತ್ತಿಕೊಂಡಿರಬೇಕು. ಆದರೆ ಅವಳು ಬಗ್ಗಲಿಲ್ಲ.

ಆ ವರ್ಷವೆಲ್ಲ ನಾನು ಆ ಕಟ್ಟೆಯನ್ನು ಸುತ್ತಿಕೊಂಡೇ ಓಡಾಡಿದೆ. ಕೈಮುಗಿಯುವುದನ್ನು ಬಿಟ್ಟಿದ್ದೆ, ಮತ್ತೆ ಶುರುಮಾಡಿದೆ, ಯಾರೂ ಇಲ್ಲದ ಹೊತ್ತು ನೋಡಿ.

ಸುಗ್ಗಿಯಲ್ಲಿ ಜೋಳ ಎಲ್ಲರ ಕಣದಲ್ಲೂ ಇರುತ್ತದೆ, ಆದ್ದರಿಂದ ಬೆಲೆ ಇರುವುದಿಲ್ಲ. ಕಾಯ್ದಿಟ್ಟವನಿಗೆ ಬೆಲೆ ಬರುತ್ತದೆ. ಆದರೆ ಮೋರಟಗಿಯಲ್ಲಿ ಕಾಯುವುದಕ್ಕೂ ಒಂದು ಕಟ್ಟಳೆಯಿತ್ತು. ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ನಿಂತ ಬೆಳೆಯನ್ನು ಕಣ್ಣಾರೆ ನೋಡಿ ಬಂದ ಮೇಲೇ ಹಳೆಯ ಹಗೇವಿನ ಬಾಯಿ ತೆಗೆಯಬೇಕು. ಮುಂದಿನ ರೊಟ್ಟಿ ಕಾಣುವತನಕ ಇಂದಿನ ರೊಟ್ಟಿ ಮಾರಬಾರದು. ಇಷ್ಟು ಒಳ್ಳೆಯ ನಿಯಮ ನನ್ನ ಪುಸ್ತಕದಲ್ಲೂ ಇರಲಿಲ್ಲ. ತೊಂದರೆ ಏನೆಂದರೆ ನಿಯಮ ಎಲ್ಲರಿಗೂ ಒಂದೇ. ಎಳ್ಳಮಾಸಿ ಆಯಿತೆಂದರೆ ಮುದ್ದೇಬಿಹಾಳದಿಂದ ಇಂಡಿಯತನಕ ಹಗೇವುಗಳು ಒಟ್ಟಿಗೇ ಬಾಯಿ ತೆರೆಯುತ್ತವೆ. ಮೊದಲು ಪೇಟೆ ಮುಟ್ಟಿದವನಿಗೆ ಬೆಲೆ, ಆಮೇಲೆ ಹೋದವನಿಗೆ ಸಮಾಧಾನ. ರೇವಣಪ್ಪನವರ ಅವಸರ ಹುಟ್ಟುವುದು ಇಲ್ಲಿ.

ಆ ಸಲ ಇನ್ನೊಂದು ಸಂಗತಿ ಸೇರಿಕೊಂಡಿತು. ಶೇವಂತೆವ್ವ ಇಳಿಯಲು ಶುರುಮಾಡಿದಂದಿನಿಂದ ಆ ಹಗೇವಿನ ಅಂಚಿನ ಜೋಳ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿತ್ತು. ಸತ್ತವನು ಒಳಗಿದ್ದು ಕಾಳನ್ನು ಮುಟ್ಟುತ್ತಾನೆ, ಅವನು ಮುಟ್ಟಿದ್ದು ಕಪ್ಪಾಗುತ್ತದೆ ಎಂದು ಊರು ನಂಬಿತ್ತು. ಇಳಿದವರ ಪಾಲು ದಪ್ಪಗಾಗುವುದನ್ನು ಅಮಸಿದ್ದ ನೋಡುತ್ತಿದ್ದ. ಪ್ರತಿಫಲ ಹೆಚ್ಚಿದರೆ ಪೂರೈಕೆ ಹೆಚ್ಚುತ್ತದೆ ಎನ್ನುತ್ತದೆ ಶಾಸ್ತ್ರ. ಧೈರ್ಯದ ಪೂರೈಕೆಯೂ ಹೆಚ್ಚುತ್ತದೆ ಎಂಬುದನ್ನು ನಾನು ಅಮಸಿದ್ದನಲ್ಲಿ ಕಂಡೆ. ಎಳ್ಳಮಾಸಿಯ ಮರುದಿನ ಅವನೂ ಸೊಂಟಕ್ಕೆ ಹಗ್ಗ ಸುತ್ತಿಕೊಂಡು ಅಂಗಳಕ್ಕೆ ಬಂದು ಕುಳಿತ. ತೆಗೆದ ದಿನ ಮೊದಲು ಯಾರು ಇಳಿಯುತ್ತಾರೋ ಹಗೇವು ಅವರದು. ಇದೂ ರಿವಾಜು.

ಬಿಸಿಲು ನೆತ್ತಿಗೇರಿತ್ತು. ಕಲ್ಲು ಸರಿಸಿ ಹೊಟ್ಟು ತೆಗೆದಾಗ ಒಳಗಿನಿಂದ ಬೆಚ್ಚಗಿನ ವಾಸನೆಯೊಂದು ಎದ್ದು ಬಂತು. ಹಸಿಮಣ್ಣು, ಹುಳಿ, ಬಹಳ ದಿನ ಮುಚ್ಚಿದ್ದ ಬಾಯಿ. ಅಂಗಳದ ಬೇವಿನ ಮರದಲ್ಲಿ ಕಾಗೆಗಳಿದ್ದವು, ಎದ್ದು ಹೋದವು. ಶೇವಂತೆವ್ವ ಕಂದೀಲು ಇಳಿಸಿದಳು. ಕೊರಳಿನಲ್ಲೇ ಆರಿತು, ಗಾಳಿಗೆ ಆರುವಂತೆ ಅಲ್ಲ, ಯಾರೋ ಬೆರಳಿನಿಂದ ಹೊಸಕಿದಂತೆ. ಬೇವಿನ ಹೊರೆ ಇಳಿಸಿ ಎತ್ತಿದರು. ಮತ್ತೆ ಕಂದೀಲು. ಮತ್ತೆ ಆರಿತು.

ಆಗ ಅವಳು ಹೊಟ್ಟೆಯ ಮೇಲೆ ಮಲಗಿ, ತಲೆಯನ್ನು ಬಾಯಿಯ ಅಂಚಿಗಿಟ್ಟು, ಒಳಗೆ ಏನೋ ಕೇಳಿದಳು. ಮೆಲ್ಲಗೆ, ಮನೆಯ ಮಾತಿನಂತೆ. ಆಮೇಲೆ ಕಿವಿ ಇಟ್ಟಳು.

ಲಾರಿ ಹಾರ್ನ್ ಹೊಡೆಯಿತು. ಆಲಮೇಲದಲ್ಲಿ ನಿನ್ನೆಯೇ ಹಗೇವು ತೆಗೆದರಂತೆ ಎಂದು ಡ್ರೈವರ್ ಹೇಳಿದ್ದು ರೇವಣಪ್ಪನವರ ಎದೆಗೆ ನಾಟಿತ್ತು. “ಏನಂತಾನವಾ?” ಎಂದರು. ಅವರ ದನಿಯಲ್ಲಿ ತಮಾಷೆ ಇರಲಿಲ್ಲ.

“ಇನ್ನಾ ತಡಿ ಅಂತಾನ್ರಿ.”

ರೇವಣಪ್ಪ ನನ್ನ ಕಡೆ ತಿರುಗಿದರು. “ಸಾಹೇಬ್ರ, ನಿಮ್ಮ ಪುಸ್ತಕ ಏನಂತೈತಿ? ತಡದ್ರ ಲುಕ್ಸಾನ ಹೌದಲ್ರಿ?”

ಕಾಯುವುದಕ್ಕೂ ಒಂದು ವೆಚ್ಚವಿದೆ ಎಂದು ನಾನು ಹೇಳಿದೆ. ಪರೀಕ್ಷೆಯಲ್ಲಿ ಇದೇ ವಾಕ್ಯಕ್ಕೆ ನನಗೆ ಒಳ್ಳೆಯ ಅಂಕ ಬಂದಿತ್ತು. ವೆಚ್ಚ ಯಾರದು ಎಂಬುದನ್ನು ಆಗಲೂ ಯಾರೂ ಕೇಳಿರಲಿಲ್ಲ.

ಅಮಸಿದ್ದ ಎದ್ದ. ತಾನು ಇಳಿಯುತ್ತೇನೆ, ಹೆಂಗಸು ಹೆಣದ ಜೊತೆ ಹರಟೆ ಹೊಡೆಯುತ್ತ ಕೂತರೆ ಲಾರಿ ನಿಲ್ಲುವುದಿಲ್ಲ ಎಂದ. ಶೇವಂತೆವ್ವ ಎದ್ದು ಕುಳಿತಳು. ಈಗ ಅವಳ ಮುಂದೆ ಎರಡೇ ದಾರಿ: ಕಂದೀಲು ಆರುವ ಗುಂಡಿಗೆ ತಾನು ಮೊದಲು ಜಿಗಿಯುವುದು, ಇಲ್ಲವೆ ವರ್ಷದ ರೊಟ್ಟಿಯನ್ನು ಬಿಟ್ಟುಕೊಡುವುದು. ಕೈಯಲ್ಲಿದ್ದ ಆರಿದ ಕಂದೀಲನ್ನು ಒಮ್ಮೆ ನೋಡಿದಳು, ಅವನ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಹಗೇವಿನ ಬಾಯಿಯಿಂದ ಪಕ್ಕಕ್ಕೆ ಸರಿದಳು.

“ಇಳಿ. ಕೇಳಿ ಇಳಿ.”

ಅಮಸಿದ್ದ ಯಾರನ್ನೂ ಕೇಳಲಿಲ್ಲ. ಭುಜ ಕುಗ್ಗಿಸಿ ಇಳಿದ. ಅವನ ರುಮಾಲು ಕಣ್ಮರೆಯಾಯಿತು. ಒಳಗಿನಿಂದ ಒಂದು ಕೆಮ್ಮು ಬಂತು, ಅದರ ಬೆನ್ನಿಗೆ ಇನ್ನೊಂದು. ಎರಡನೆಯದು ಬೇರೆ ಗಂಟಲಿನದು ಎಂದು ನನಗನ್ನಿಸಿತು. ಹಗೇವಿನ ಹೊಟ್ಟೆಯಲ್ಲಿ ದನಿ ತಿರುಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಹಗ್ಗ ಸಡಿಲಾಯಿತು.

“ಎಳೀರಿ,” ಅಂದಳು ಶೇವಂತೆವ್ವ.

ಹಗ್ಗ ಹಿಡಿದವರು ರೇವಣಪ್ಪ, ಲಾರಿಯ ಕ್ಲೀನರ್ ಮತ್ತು ನಾನು. ನನ್ನ ತೋಳಿನ ಬಗ್ಗೆ ನನಗೆ ಭ್ರಮೆಯಿಲ್ಲ. ಬಾವಿಯಿಂದ ತುಂಬಿದ ಕೊಡ ಸೇದುವಾಗಲೇ ನನಗೆ ಮನೆದೇವರು ನೆನಪಾಗುವುದು. ಅಮಸಿದ್ದ ಗರಡಿ ಆಳು, ಎಚ್ಚರ ತಪ್ಪಿ ಮೈ ಬಿಟ್ಟಿದ್ದ. ಆದರೂ ಹಗ್ಗ ಖಾಲಿ ಬುಟ್ಟಿ ಎಳೆದಂತೆ ಸರಸರನೆ ಬಂತು. ಎಷ್ಟು ಹಗುರಾಗಿ ಬಂತೆಂದರೆ ನಾವು ಮೂವರೂ ಹಿಂದಕ್ಕೆ ಬಿದ್ದೆವು. ಅಮಸಿದ್ದ ಕಟ್ಟೆಯ ಮೇಲೆ ಬಂದು ಬಿದ್ದಿದ್ದ, ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು.

ಬೆನ್ನು ಗುದ್ದಿ, ಮುಖಕ್ಕೆ ನೀರು ಹೊಡೆದ ಮೇಲೆ ಉಸಿರು ಬಂತು. ಸ್ವಲ್ಪ ಹೊತ್ತಿನ ಮೇಲೆ ಮಾತೂ ಬಂತು. “ನೀವ್ ಎಳೀಲಿಲ್ರಿ,” ಅಂದ. “ಕೆಳಗಿಂದ ಎತ್ತಿ ಕೊಟ್ರು. ಇಲ್ಲಿ, ಕಂಕುಳಾಗ ಕೈ ಇಟ್ಟು.”

ಅವನ ಕಂಕುಳ ಕೆಳಗೆ ಬೂದಿಬಣ್ಣದ ಗುರುತುಗಳಿದ್ದವು. ಹಗೇವಿನ ಕೊರಳಿಗೆ ಉಜ್ಜಿ ಆಗಿರಬಹುದು. ಯಾರೂ ಹತ್ತಿರ ಹೋಗಿ ನೋಡಲಿಲ್ಲ, ನಾನಂತೂ ನೋಡಲಿಲ್ಲ.

ಶೇವಂತೆವ್ವ ಹಗೇವಿನ ಬಾಯಿಯನ್ನೇ ನೋಡುತ್ತಿದ್ದಳು. “ಅವಗ ಎತ್ತಿ ಕೊಡಾವ್ರು ಯಾರೂ ಇರಲಿಲ್ಲ ನೋಡ್ರಿ ಅಣ್ಣಾರ, ಆವತ್ತ,” ಎಂದಳು. ರೇವಣಪ್ಪ ಹೋಗಿ ಲಾರಿಯವನಿಗೆ ಹೊರಡಲು ಹೇಳಿ ಬಂದರು.

ಇಳಿದು ಮೇಲೆ ಬಂದವನು ಅಮಸಿದ್ದ. ರಿವಾಜಿನ ಪ್ರಕಾರ ಹಗೇವು ಅವನದು. ಅವನು ಹೋಗುವಾಗ ತನ್ನ ಹಗ್ಗವನ್ನೂ ಅಲ್ಲೇ ಬಿಟ್ಟು ಹೋದ. ಅಂಚಿನ ಜೋಳದಲ್ಲಿ ಒಂದು ಕಾಳೂ ತನ್ನ ಮನೆಗೆ ಬರಬಾರದೆಂದು ಹೆಂಡತಿಯ ಕೈಯಲ್ಲಿ ಹೇಳಿ ಕಳಿಸಿದ.

ಮರುದಿನ ಬೆಳಿಗ್ಗೆ ಕಂದೀಲು ಕಾಳು ಮುಟ್ಟಿಯೂ ಉರಿಯಿತು. ಶೇವಂತೆವ್ವ ಇಳಿದಳು. ನಾನು ಕಟ್ಟೆಯ ಪಕ್ಕ ಸರ್ವೇ ಹಾಳೆ ಹಿಡಿದು ಕುಳಿತೆ. ಸಂಬಳ ಕೊಡುವವರಿಗೆ ಇಂಥದ್ದೆಲ್ಲ ಬೇಕಾಗುತ್ತದೆ. ಕೆಳಗಿನಿಂದ ಅವಳ ಮಾತು ಕೇಳುತ್ತಿತ್ತು. ಒಂದು ಮಾತು, ಸ್ವಲ್ಪ ಮೌನ, ಮತ್ತೆ ಮಾತು. ಮೇಕೆಗೆ ಬೈಯುವ ಬೈಗುಳಗಳೇ. ಒಮ್ಮೆ ನಕ್ಕಳು. ಮೌನದಲ್ಲಿ ಏನಾದರೂ ಇತ್ತೇ ಎಂದು ನಾನು ಕಿವಿಗೊಡಲಿಲ್ಲ. ಹಾಳೆಯ ಮೇಲೆ ಕಣ್ಣಿಟ್ಟೆ. ಬುಟ್ಟಿಗಳು ಮಾತ್ರ ಬಂದವು, ಒಂದರ ಹಿಂದೆ ಒಂದು. ಮೇಲೆ ಸುರಿಯುವ ಇಬ್ಬರಿಗೆ ಬಿಡುವಿಲ್ಲದಷ್ಟು ಬೇಗ. ‘ಒಳಗೆ ಇಳಿದ ಆಳುಗಳು’ ಎಂಬಲ್ಲಿ ಒಂದು ಎಂದು ಬರೆಯಲು ಹೋದೆ. ಪೆನ್ಸಿಲ್ ತುದಿ ಮುರಿಯಿತು. ಅಗ್ಗದ ಪೆನ್ಸಿಲ್, ಸರ್ಕಾರದ್ದು.

ಅಂಚಿನ ಜೋಳ ಆ ಸಲ ಹಿಂದಿನ ಎಲ್ಲ ವರ್ಷಕ್ಕಿಂತ ಹೆಚ್ಚು ಬಂತು. ಹೆಚ್ಚಿನದೆಲ್ಲ ಪಡುವಣ ಮಗ್ಗುಲಿನದು. ಅದನ್ನು ನೋಡುತ್ತ ನಿಂತಾಗ, ನಾನು ವರದಿಯಲ್ಲಿ ಬರೆದ ಮಿತವ್ಯಯದ ವಾಕ್ಯ ನೆನಪಾಗಿ ಕಿವಿ ಬಿಸಿಯಾಯಿತು.

ರೇವಣಪ್ಪನವರಿಗೂ ಅನುಮಾನವಿತ್ತು. ಆದರೆ ಕೇಳುವ ಬಾಯಿ ಅವರಿಗಿರಲಿಲ್ಲ. ಜೋಳ ಯಾಕೆ ಹೀಗೆ ಕೆಡುತ್ತದೆಂದು ನೀವೇ ಒಂದು ಮಾತು ಕೇಳಿ, ನಿಮ್ಮ ಸರ್ವೇಯಲ್ಲೂ ಆ ಪ್ರಶ್ನೆ ಇದೆಯಲ್ಲ ಎಂದು ನನಗೆ ಅಂಟಿಸಿದರು. ಇತ್ತು. ‘ಸಂಗ್ರಹಣೆಯಲ್ಲಿ ನಷ್ಟ ಮತ್ತು ಅದರ ಕಾರಣ.’ ಅವಳು ದೆವ್ವದ ಹೆಸರು ಹೇಳಿದರೆ ಎಲ್ಲರೂ ಬಚಾವು. ಬೇರೆ ಏನಾದರೂ ಹೇಳಿದರೆ ಅವಳ ಹಕ್ಕು ಹೋಗುತ್ತದೆ. ಇದು ಗೊತ್ತಿದ್ದೂ ಹೋದೆ, ಸಂಬಳದ ಮನುಷ್ಯ.

ಹೋದಾಗ ಅವಳು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಅಂಚಿನ ಜೋಳವನ್ನು ತೊಳೆದು, ಒಣಗಿಸಿ, ಬೀಸಿದ ಹಿಟ್ಟು. ಸಂಜೆಯ ಮೋಡದ ಬಣ್ಣದ್ದು. ಕೇಳದೆಯೇ ನನಗೊಂದು ರೊಟ್ಟಿ, ಮೇಲೆ ಖಾರಬ್ಯಾಳಿ ಹಾಕಿ ಕೊಟ್ಟಳು. ಬಾಯಿಗಿಟ್ಟರೆ ನೆಲದೊಳಗಿನ ವಾಸನೆ. ನುಂಗಿದ ಮೇಲೂ ಅದು ಹೋಗಲಿಲ್ಲ, ಎದೆಯಲ್ಲಿ ಎಲ್ಲೋ ಕುಳಿತು ಮೆಲ್ಲಗೆ ಉಸಿರಾಡಿದಂತೆ. ಒಲೆಯ ಇನ್ನೊಂದು ಬದಿಗೆ ಒಂದು ಖಾಲಿ ತಾಟು ಇಟ್ಟಿತ್ತು. ಅದರ ಮುಂದೆ ಯಾರೂ ಇರಲಿಲ್ಲ. ಮೇಕೆ ಅದರ ಹತ್ತಿರ ಸುಳಿಯುತ್ತಿರಲಿಲ್ಲ.

ನಾನು ರೊಟ್ಟಿ ಮುಗಿಸಿ, ಹಾಳೆ ತೆಗೆಯದೆ ಕೇಳಿದೆ: “ಶೇವಂತೆವ್ವಾ, ಆ ಜೋಳ ತಾನಾಗಿ ಕೆಡೋದಾ? ಅಥವಾ ನೀವೇ ಬೇಕಂತ ಕೆಡಿಸ್ತೀರಾ?”

ಅವಳು ಹಿಟ್ಟಿನ ಕೈಯನ್ನು ಒರೆಸಿಕೊಳ್ಳಲೂ ಇಲ್ಲ.

“ನಾನ ಕೆಡಸ್ತೇನ್ರಿ. ನಂದೊಂದು ಪಾಲು, ಅವಂದೊಂದು ಪಾಲು. ಇಬ್ರು ಇಳೀತೇವಲ್ರಿ.”